ಹಿಮಶಿಖರಗಳಲ್ಲಿ ಬಿಡಾರ ಮತ್ತು ಶೌಚ

ಪರ್ವತಾರೋಹಣದ ವೃತ್ತಾಂತಗಳನ್ನು ಓದಿದವರ ನೆನಪಿನಲ್ಲಿ ಉಳಿಯುವುದು ಶಿಖರದ ಮೇಲೆ ಹಾರಿದ ಧ್ವಜ. ಅದರ ಹಿಂದಿನ ರಾತ್ರಿ ಆರೋಹಿಗಳು ಎಲ್ಲಿ ಮಲಗಿದ್ದರು, ಏನನ್ನು ಕುಡಿದರು, ಬಹಿರ್ದೆಸೆಗೆ ಎಲ್ಲಿಗೆ ಹೋದರು ಎಂದು ಕೇಳುವವರು ಕಡಮೆ. ಮೊದಲ ಎರಡು ಪ್ರಶ್ನೆಗಳಿಗೆ ಗ್ರಂಥಕರ್ತರು ಕೆಲವು ವಾಕ್ಯಗಳಲ್ಲಿ ಉತ್ತರವನ್ನಿತ್ತು ಮುಂದೆ ಸಾಗುತ್ತಾರೆ. ಮೂರನೆಯದನ್ನು ಸಭ್ಯತೆಯ ದೃಷ್ಟಿಯಿಂದ ಪ್ರಸ್ತಾಪಿಸುವುದೇ ಇಲ್ಲ. ಈ ಸಂಕೋಚಕ್ಕೆ ಪರ್ವತಗಳೂ ಅವುಗಳ ತಪ್ಪಲಿನಲ್ಲಿ ವಾಸಿಸುವ ಜನರೂ ಬೆಲೆ ತೆರುತ್ತಿದ್ದಾರೆ. ಎತ್ತರದ ಪ್ರದೇಶಗಳಲ್ಲಿ ಒಳ್ಳೆಯ ಬಿಡಾರವನ್ನೂ ಒಳ್ಳೆಯ ಶೌಚವ್ಯವಸ್ಥೆಯನ್ನೂ ಸುಖಲೋಲುಪರ ಬಯಕೆಗಳೆಂದು ತಳ್ಳಿಹಾಕುವುದು ತಪ್ಪು. ಅವು ಆಮ್ಲಜನಕದ ಸಿಲಿಂಡರಿನಷ್ಟೇ ಅಗತ್ಯವಾದ ಸಾಧನಗಳು. ಅವೆರಡನ್ನೂ ಒಂದೇ ಸಮಸ್ಯೆಯ ಎರಡು ಮುಖಗಳೆಂದು ತಿಳಿದು ಒಟ್ಟಿಗೆ ರೂಪಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳೇನೆಂಬುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಬಿಡಾರದ ವಿಷಯ. 1952ರ ಮೇ ತಿಂಗಳಿನಲ್ಲಿ ಸ್ವಿಟ್ಜರ್ಲೆಂಡಿನ ತಂಡದೊಡನೆ ಎವರೆಸ್ಟನ್ನು ಏರುತ್ತಿದ್ದ ತೇನ್‌ಸಿಂಗ್ ನೋರ್ಗೆ ಮತ್ತು ರೇಮಂಡ್ ಲ್ಯಾಂಬರ್ಟ್ ಸುಮಾರು 8,400 ಮೀಟರುಗಳ ಎತ್ತರದಲ್ಲಿ ಒಂದು ರಾತ್ರಿಯನ್ನು ಕಳೆಯಬೇಕಾಯಿತು. ಅವರ ಬಳಿ ಡೇರೆಯಿತ್ತು. ಮಲಗುವ ಚೀಲಗಳಿರಲಿಲ್ಲ, ಒಲೆಯೂ ಇರಲಿಲ್ಲ. ಮೇಣದ ಬತ್ತಿಯ ಜ್ವಾಲೆಯಿಂದ ಹಿಮವನ್ನು ಕರಗಿಸಿ, ಗುಟುಕು ಗುಟುಕಾಗಿ ನೀರು ಕುಡಿದು, ಒಬ್ಬರ ಮೈಯನ್ನೊಬ್ಬರು ತಿಕ್ಕುತ್ತ ಬೆಳಗು ಮಾಡಿದರು. ಮರುದಿನ ಸುಮಾರು 8,600 ಮೀಟರುಗಳವರೆಗೆ ಏರಿ ಅಲ್ಲಿಂದ ಹಿಂದಿರುಗಿದರು. ಆಮ್ಲಜನಕದ ಉಪಕರಣಗಳು ಸರಿಯಾಗಿ ಕೆಲಸ ಮಾಡದಿದ್ದುದೂ ಒಂದು ಕಾರಣವೇ. ಆದರೆ ನಿದ್ರೆಯೂ ನೀರೂ ಇಲ್ಲದ ಆ ರಾತ್ರಿ ಅವರ ಶಕ್ತಿಯನ್ನು ಹೀರಿಬಿಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ.

ಮರುವರ್ಷ, ಎಂದರೆ 1953ರ ಮೇ 28ರ ರಾತ್ರಿ, ಅದೇ ತೇನ್‌ಸಿಂಗ್ ಎಡ್ಮಂಡ್ ಹಿಲರಿಯೊಡನೆ ಸುಮಾರು 8,500 ಮೀಟರುಗಳ ಎತ್ತರದಲ್ಲಿ ತಂಗಿದರು. ಆ ಬಿಡಾರವೂ ಸುಖದ ಬಿಡಾರವಾಗಿರಲಿಲ್ಲ. ಇಳಿಜಾರಿನಲ್ಲಿ ಕೆತ್ತಿದ ಎರಡು ಮೆಟ್ಟಿಲುಗಳ ಮೇಲೆ ಡೇರೆಯನ್ನು ಹಾಕಿದ್ದರು. ಹೊರಗೆ ಉಷ್ಣತೆ ಸೊನ್ನೆಗಿಂತ 27 ಡಿಗ್ರಿ ಕೆಳಗಿತ್ತು. ಬಿಚ್ಚಿಟ್ಟಿದ್ದ ಹಿಲರಿಯ ಪಾದರಕ್ಷೆಗಳು ಬೆಳಗಾಗುವ ವೇಳೆಗೆ ಕಲ್ಲಿನಂತೆ ಹೆಪ್ಪುಗಟ್ಟಿದ್ದುದರಿಂದ ಅವುಗಳನ್ನು ಒಲೆಯ ಉರಿಗೆ ಹಿಡಿದು ಮೆತ್ತಗೆ ಮಾಡಬೇಕಾಯಿತು. ಆದರೆ ಒಲೆಯಿತ್ತು, ಹಿಮವನ್ನು ಕರಗಿಸಿ ಯಥೇಚ್ಛವಾಗಿ ಬಿಸಿ ಪಾನೀಯವನ್ನು ಕುಡಿಯಲು ಸಾಧ್ಯವಾಯಿತು, ಮಲಗುವ ಚೀಲಗಳಿದ್ದುವು. ಆ ತಂಡದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಅವರು ಹಿಂದಿನ ವರ್ಷ ಚೋ ಓಯು ಪರ್ವತದ ಮೇಲೆ ನಡೆಸಿದ ಪರೀಕ್ಷೆಗಳಿಂದ, ಆರೋಹಿಯು ದಿನಕ್ಕೆ ಮೂರು ಲೀಟರಿಗೂ ಹೆಚ್ಚು ದ್ರವವನ್ನು ಸೇವಿಸಬೇಕೆಂದು ತೀರ್ಮಾನಿಸಿದ್ದರು. ಡೇರೆ, ಒಲೆ, ಉಡುಪು, ಆಹಾರ, ಶುಚಿತ್ವ ಇವೆಲ್ಲವನ್ನೂ ಅವರು ಆಮ್ಲಜನಕದಷ್ಟೇ ಗಂಭೀರವಾಗಿ ಲೆಕ್ಕ ಹಾಕಿದರು. ಮರುದಿನ ಹನ್ನೊಂದೂವರೆ ಗಂಟೆಗೆ ದೊರೆತ ವಿಜಯದಲ್ಲಿ ಆ ಒಲೆಗೂ ಒಂದು ಪಾಲು ಸಲ್ಲಬೇಕು.

ಅಷ್ಟು ನೀರು ಏತಕ್ಕೆ ಬೇಕು? ಎವರೆಸ್ಟಿನ ನೇಪಾಳದ ಕಡೆಯ ತಳಶಿಬಿರ ಇರುವುದು ಸುಮಾರು 5,360 ಮೀಟರುಗಳ ಎತ್ತರದಲ್ಲಿ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು. ಶಿಖರದ ತುದಿಯಲ್ಲಿ ಮೂರನೆಯ ಒಂದು ಪಾಲು. ಆಮ್ಲಜನಕದ ಕೊರತೆಯನ್ನು ತುಂಬಿಕೊಳ್ಳಲು ಶರೀರವು ವೇಗವಾಗಿಯೂ ಆಳವಾಗಿಯೂ ಉಸಿರಾಡುತ್ತದೆ. ಒಳಗೆ ಹೋಗುವ ಗಾಳಿ ಶೀತಲ, ಶುಷ್ಕ. ಹೊರಗೆ ಬರುವ ಗಾಳಿ ಬೆಚ್ಚಗಿದ್ದು ತೇವದಿಂದ ತುಂಬಿರುತ್ತದೆ. ಹೀಗೆ ಪ್ರತಿಯೊಂದು ಉಸಿರಿನಲ್ಲಿಯೂ ಶರೀರದ ನೀರು ನಷ್ಟವಾಗುತ್ತದೆ. ಅದನ್ನು ತುಂಬದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಕೈಕಾಲುಗಳ ತುದಿಗೆ ಅದರ ಹರಿವು ಕುಂದುತ್ತದೆ, ಚಳಿಗೆ ಬೆರಳುಗಳು ಮರಗಟ್ಟಿ ಕೊಳೆಯುವ ಅಪಾಯ ಹೆಚ್ಚುತ್ತದೆ.

ನೀರಿಗೆ ಅಲ್ಲಿ ಹಿಮವೊಂದೇ ಮೂಲ. ಅದನ್ನು ಕರಗಿಸಲು ಎಷ್ಟು ಶಾಖ ಬೇಕೆಂಬುದನ್ನು ಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಒಂದು ಕಿಲೋಗ್ರಾಂ ಹಿಮವನ್ನು ಸೊನ್ನೆ ಡಿಗ್ರಿಗೆ ತರಲು ಸುಮಾರು 10 ಕಿಲೋಕ್ಯಾಲೊರಿ, ಅದೇ ಉಷ್ಣತೆಯಲ್ಲಿ ನೀರಾಗಿಸಲು 80 ಕಿಲೋಕ್ಯಾಲೊರಿ ಶಾಖ ಬೇಕು. ಆ ನೀರನ್ನು ತಳಶಿಬಿರದಲ್ಲಿ ಕುದಿಸಲು ಬೇಕಾಗುವುದು ಮತ್ತೆ ಸುಮಾರು 83 ಕಿಲೋಕ್ಯಾಲೊರಿ. ಏಕೆಂದರೆ ಅಲ್ಲಿ ನೀರು ಕುದಿಯುವುದೇ ಸುಮಾರು 83 ಡಿಗ್ರಿಯಲ್ಲಿ. ಎಂದರೆ ಉರುವಲಿನ ಅರ್ಧಕ್ಕಿಂತ ಹೆಚ್ಚು ಭಾಗ ಬರಿಯ ಕರಗಿಸುವುದರಲ್ಲಿಯೇ ತೀರಿಹೋಗುತ್ತದೆ. ಹೊತ್ತು ತಂದ ಉರುವಲು ಅಲ್ಪ, ಆಯಾಸ ಅಪಾರ. ಆದುದರಿಂದ ಮೇಲಿನ ಶಿಬಿರಗಳಲ್ಲಿ ಅನೇಕರು ಹಿಮ ಕರಗಿದೊಡನೆಯೇ, ಕುದಿಯುವವರೆಗೆ ಕಾಯದೆ, ಆ ನೀರನ್ನು ಕುಡಿದುಬಿಡುತ್ತಾರೆ. ಈ ಸಂಗತಿಯನ್ನು ವಾಚಕರು ನೆನಪಿಡಬೇಕು. ಶೌಚದ ಪ್ರಶ್ನೆ ಬಂದಾಗ ಇದು ಮತ್ತೆ ಬರುತ್ತದೆ.

ಇನ್ನು ಡೇರೆ. ಅದು ಎದುರಿಸಬೇಕಾದ ಶತ್ರುಗಳು ಮೂರು: ಗಾಳಿ, ನೆಲ, ತೇವ. ಗಾಳಿಯನ್ನು ತಡೆಯುವುದು ಬಟ್ಟೆಯ ಕೆಲಸ. ಆದರೆ ಬಟ್ಟೆ ಎಷ್ಟೇ ಒಳ್ಳೆಯದಾದರೂ ಮೈಕೆಳಗಿನ ಹಿಮವು ಶಾಖವನ್ನು ಹೀರುತ್ತಲೇ ಇರುತ್ತದೆ. ಆದುದರಿಂದ ಮೈಮೇಲಿನ ಹೊದಿಕೆಯಷ್ಟೇ ಮೈಕೆಳಗಿನ ಹಾಸೂ ಮುಖ್ಯ. ತೇವವಂತೂ ಆರೋಹಿಯ ಉಸಿರಿನಿಂದಲೇ ಹುಟ್ಟುವಂಥದು. ಅದು ಡೇರೆಯ ಒಳಮೈಯಲ್ಲಿ ಮಂಜಾಗಿ ಹೆಪ್ಪುಗಟ್ಟಿ, ಬಿಸಿಲೇರಿದಾಗ ಕರಗಿ, ಮಲಗುವ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಹಕ್ಕಿಯ ಗರಿ ತುಂಬಿದ ಚೀಲ ನೆನೆದರೆ ಗರಿಗಳ ನಡುವೆ ನಿಂತಿದ್ದ ಗಾಳಿ ಹೋಗುತ್ತದೆ. ಗಾಳಿ ಹೋದರೆ ಬೆಚ್ಚಗೂ ಹೋಯಿತು. ತೇವ ಹೊರಹೋಗಲಿ ಎಂದು ಗವಾಕ್ಷಿ ತೆರೆದರೆ ಚಳಿ ನುಗ್ಗುತ್ತದೆ. ಚಳಿಗೆ ಹೆದರಿ ಅದನ್ನು ಮುಚ್ಚಿ ಒಳಗೆ ಒಲೆ ಹಚ್ಚಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಮಲಗಿದವರು ಮತ್ತೆ ಏಳದಿರಬಹುದು. ಇವುಗಳ ನಡುವೆ ಸಮತೋಲವನ್ನು ಸಾಧಿಸುವುದೇ ಬಿಡಾರದ ವಿನ್ಯಾಸ. ಎರಡು ಪದರದ ಗೋಡೆ, ಮೇಲೂ ಕೆಳಗೂ ಸಣ್ಣ ಗವಾಕ್ಷಿಗಳು, ಅಡುಗೆಗೆ ಮುಂಭಾಗದಲ್ಲಿ ಪ್ರತ್ಯೇಕವಾದ ಮೊಗಸಾಲೆ: ಇವು ಆಡಂಬರಗಳಲ್ಲ, ಪ್ರಾಣರಕ್ಷಕಗಳು.

ಎತ್ತರದಲ್ಲಿ ಸ್ಥಿರವಾದ ಮನೆಯನ್ನೇ ಕಟ್ಟಿದ ಉದಾಹರಣೆಗಳೂ ಇವೆ. ಇಟಲಿಯ ಮಾಂಟೆ ರೋಸಾ ಪರ್ವತದ 4,554 ಮೀಟರ್ ಎತ್ತರದ ತುದಿಯೊಂದರಲ್ಲಿ 1893ರಲ್ಲಿಯೇ ‘ಮಾರ್ಗರಿಟಾ’ ಎಂಬ ಆಶ್ರಯಗೃಹವು ತೆರೆಯಿತು. ಆಂಜೆಲೊ ಮೊಸ್ಸೊ ಎಂಬ ವಿಜ್ಞಾನಿ ಅಲ್ಲಿ ಮನುಷ್ಯಶರೀರದ ಮೇಲೆ ಎತ್ತರದ ಪರಿಣಾಮಗಳನ್ನು ಅಭ್ಯಸಿಸಿದರು. 1960–61ರ ಚಳಿಗಾಲದಲ್ಲಿ ಹಿಲರಿ ಮತ್ತು ಪ್ಯೂ ಅವರ ತಂಡವು ನೇಪಾಳದ ಅಮಾ ದಾಬ್ಲಾಂ ಶಿಖರದ ಬಳಿ, ಸುಮಾರು 5,800 ಮೀಟರುಗಳ ಎತ್ತರದಲ್ಲಿ, ಬಿಡಿಭಾಗಗಳಾಗಿ ಹೊತ್ತು ತಂದ ಪ್ಲೈವುಡ್ಡಿನ ಮನೆಯೊಂದನ್ನು ಜೋಡಿಸಿತು. ಶಾಖ ಸೋರದಂತೆ ಗೋಡೆಗಳಿಗೆ ಒಳಪದರವಿದ್ದು, ಹೊರಗೆ ಬೆಳ್ಳಿಯ ಬಣ್ಣ ಬಳಿದಿದ್ದ ಆ ‘ಬೆಳ್ಳಿಯ ಗುಡಿಸಲಿ’ನಲ್ಲಿ ವಿಜ್ಞಾನಿಗಳು ತಿಂಗಳುಗಟ್ಟಲೆ ವಾಸವಾಗಿದ್ದರು, ಅವರಲ್ಲಿ ಭಾರತದ ಸುಖಮಯ ಲಾಹಿರಿಯವರೂ ಒಬ್ಬರು. ಒಳಗೆ ಬೆಚ್ಚಗಿತ್ತು, ಆಹಾರ ಸಾಕಷ್ಟಿತ್ತು. ಆದರೂ ಅವರ ತೂಕ ಇಳಿಯುತ್ತಲೇ ಹೋಯಿತು. ಇದರಿಂದ ತಿಳಿದುಬರುವ ನೀತಿ ಮುಖ್ಯವಾದುದು. ಅಂಥ ಎತ್ತರದಲ್ಲಿ ಮನುಷ್ಯನ ನಿತ್ಯವಾಸ ಸಲ್ಲದು. ಬಿಡಾರವು ಅಲ್ಲಿ ನಷ್ಟವನ್ನು ನಿಧಾನಗೊಳಿಸಬಹುದೇ ಹೊರತು ತಡೆಯಲಾರದು.

ಈಚಿನ ಮಾದರಿಗಳಲ್ಲಿ ಎರಡನ್ನು ಹೆಸರಿಸಬೇಕು. ಫ್ರಾನ್ಸಿನಲ್ಲಿ ಮಾಂಟ್ ಬ್ಲಾಂಕ್ ಏರುವ ದಾರಿಯಲ್ಲಿ, 3,835 ಮೀಟರುಗಳ ಎತ್ತರದಲ್ಲಿ, 2013ರಲ್ಲಿ ತೆರೆದ ಗೂಟೆ ಆಶ್ರಯಗೃಹವು ಮೊಟ್ಟೆಯ ಆಕಾರದ್ದು. ಮರದ ಚೌಕಟ್ಟು, ಉಕ್ಕಿನ ಹೊದಿಕೆ. ಬೀಸುವ ಗಾಳಿಯೇ ಹಿಮವನ್ನು ತಂದು ಕಟ್ಟಡದ ಹಿಂಬದಿಯಲ್ಲಿ ರಾಶಿ ಹಾಕುತ್ತದೆ. ಸೂರ್ಯನ ಶಾಖದಿಂದ ಅದನ್ನು ಕರಗಿಸಿ ನೀರು ಪಡೆಯುತ್ತಾರೆ. ಕೊಳಚೆಯನ್ನು ಅಲ್ಲಿಯೇ ಶುದ್ಧಿಗೊಳಿಸುವ ಏರ್ಪಾಡೂ ಇದೆ. ಎರಡನೆಯದು ನಮ್ಮ ದೇಶದ್ದೇ. ಲಡಾಖಿನ ಸೋನಂ ವಾಂಗ್‌ಚುಕ್ ಅವರು 2021ರಲ್ಲಿ ಸೈನಿಕರಿಗಾಗಿ ರೂಪಿಸಿದ ಡೇರೆಯು ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿಗೆ ಕೊಡುತ್ತದೆ. ಸೀಮೆಎಣ್ಣೆ ಬೇಡ, ಹೊಗೆಯಿಲ್ಲ, ಭಾಗಗಳನ್ನು ಬಿಡಿಸಿ ಹೊತ್ತೊಯ್ಯಬಹುದು. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದಾಗ ಒಳಗೆ 15 ಡಿಗ್ರಿ ಉಷ್ಣತೆಯಿದ್ದಿತೆಂದು ಅವರು ತಿಳಿಸಿದರು. ಸ್ಥಳದ ಗಾಳಿ ಬಿಸಿಲುಗಳನ್ನೇ ಸೇವಕರನ್ನಾಗಿ ಮಾಡಿಕೊಂಡ ವಿನ್ಯಾಸವೇ ಒಳ್ಳೆಯ ವಿನ್ಯಾಸವೆಂಬುದಕ್ಕೆ ಇವೆರಡೂ ಸಾಕ್ಷಿ.

ಬಿಡಾರದ ವಿಷಯದಲ್ಲಿ ಇಷ್ಟು ಬುದ್ಧಿಯನ್ನು ಖರ್ಚು ಮಾಡಿದ ಮನುಷ್ಯನು ಶೌಚದ ವಿಷಯದಲ್ಲಿ ಮಾತ್ರ ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದನು. ಹಿಮದಲ್ಲಿ ಗುಂಡಿ ತೋಡುವುದು, ಇಲ್ಲವೆ ಹಿಮನದಿಯ ಬಿರುಕಿನೊಳಕ್ಕೆ ಎಸೆಯುವುದು: ಇದೇ ರೂಢಿ. ಪರ್ವತ ದೊಡ್ಡದು, ಹಿಮ ಎಲ್ಲವನ್ನೂ ನುಂಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ನಂಬಿಕೆ ಎರಡು ಕಡೆ ತಪ್ಪಿತು. ಬಯಲುಸೀಮೆಯ ಮಣ್ಣಿನಲ್ಲಿ ಮಲವು ಕೆಲವು ವಾರಗಳಲ್ಲಿ ಗೊಬ್ಬರವಾಗತೊಡಗುವುದು ಮಣ್ಣಿನಲ್ಲಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳ ದುಡಿಮೆಯಿಂದ. ಹಿಮದಲ್ಲಿ ಮಣ್ಣೇ ಇಲ್ಲ. ಇರುವ ಸೂಕ್ಷ್ಮಜೀವಿಗಳೂ ಚಳಿಗೆ ನಿಶ್ಚೇಷ್ಟಿತವಾಗಿರುತ್ತವೆ. ಆದುದರಿಂದ ಹೂತಿಟ್ಟದ್ದು ಹೂತಿಟ್ಟಂತೆಯೇ ಇರುತ್ತದೆ. ಎರಡನೆಯದಾಗಿ, ಹಿಮನದಿಯು ಹೆಸರಿಗೆ ತಕ್ಕಂತೆ ನದಿಯೇ. ಅದು ನಿಧಾನವಾಗಿಯಾದರೂ ಹರಿಯುತ್ತದೆ, ಕೆಳಗೆ ಬಂದಂತೆ ಮೇಲ್ಮೈ ಕರಗುತ್ತದೆ, ತನ್ನ ಹೊಟ್ಟೆಯಲ್ಲಿದ್ದುದನ್ನು ಒಂದು ದಿನ ಹೊರಗೆ ಹಾಕುತ್ತದೆ.

ಅಲಾಸ್ಕದ ಡೆನಾಲಿ ಪರ್ವತದಲ್ಲಿ ಇದನ್ನು ಕೂಲಂಕಷವಾಗಿ ಪರೀಕ್ಷಿಸಿದ್ದಾರೆ. 1951ರಿಂದ 2012ರವರೆಗೆ ಅಲ್ಲಿನ ಕಾಹಿಲ್ಟ್ನಾ ಹಿಮನದಿಯಲ್ಲಿ ಸುಮಾರು 36,000 ಆರೋಹಿಗಳು 69ರಿಂದ 97 ಟನ್ನುಗಳಷ್ಟು ಮಲವನ್ನು ಬಿಟ್ಟು ಹೋಗಿರಬೇಕೆಂದು ಸಂಶೋಧಕರು ಅಂದಾಜು ಮಾಡಿದರು. ಹೂತ ಮಲದಲ್ಲಿ ಬ್ಯಾಕ್ಟೀರಿಯಗಳು ಬದುಕುಳಿಯುತ್ತವೆಂದೂ, ಬಿರುಕುಗಳಿಗೆ ಎಸೆದುದು ಕಾಲಾಂತರದಲ್ಲಿ ಮೇಲ್ಮೈಗೆ ಬಂದೇ ಬರುವುದೆಂದೂ ಅವರು ತೋರಿಸಿದರು. ಆರೋಹಿಗಳಿಗೆ ಮುಚ್ಚಳವಿರುವ ಸಣ್ಣ ಡಬ್ಬಗಳನ್ನು ಕೊಟ್ಟು, ಅವರ ಮಲವನ್ನು ಅವರೇ ಹೊತ್ತು ತರಬೇಕೆಂಬ ಪದ್ಧತಿ ಅಲ್ಲಿ ಬಂದಿತು. 2018ರಿಂದ, 14,200 ಅಡಿಗಳ ಎತ್ತರದ ಶಿಬಿರದ ಕೆಳಗಡೆ ಉತ್ಪತ್ತಿಯಾದುದನ್ನೆಲ್ಲ ಪರ್ವತದಿಂದ ಕೆಳಗಿಳಿಸಲೇಬೇಕೆಂಬ ನಿಯಮವಾಯಿತು. ಮೊದಲು ಗೊಣಗಿದವರೂ ಕ್ರಮೇಣ ಡಬ್ಬವನ್ನು ಹಗ್ಗ ಕೊಡಲಿಗಳಂತೆಯೇ ಸಾಮಾನಿನಲ್ಲಿ ಒಂದೆಂದು ಒಪ್ಪಿಕೊಂಡರು.

ಎವರೆಸ್ಟಿನಲ್ಲಿ ಸ್ಥಿತಿ ಇನ್ನೂ ಕಠಿನ. 1991ರಲ್ಲಿ ಸ್ಥಾಪಿತವಾದ ಸಾಗರಮಾಥಾ ಮಾಲಿನ್ಯ ನಿಯಂತ್ರಣ ಸಮಿತಿಯ ಮೇಲ್ವಿಚಾರಣೆಯಲ್ಲಿ ತಳಶಿಬಿರದ ಮಲವನ್ನು ಪೀಪಾಯಿಗಳಲ್ಲಿ ಸಂಗ್ರಹಿಸಿ ಕೆಳಕ್ಕೆ ಸಾಗಿಸುವ ಕ್ರಮ ನೆಲೆಗೊಂಡಿತು. ಆದರೆ ವರ್ಷಗಟ್ಟಲೆ ಅದು ಸೇರಿದ್ದು ಗೋರಕ್ ಶೆಪ್ ಎಂಬ ನೆಲೆಯ ಸಮೀಪದ ತೆರೆದ ಗುಂಡಿಗಳನ್ನು. ಅಲ್ಲಿನ ಚಳಿಯಲ್ಲಿ ಅದು ಕೊಳೆಯಲಿಲ್ಲ, ನೀರಿನ ಮೂಲಗಳಿಗೆ ಬೆದರಿಕೆಯಾಗಿ ಉಳಿಯಿತು. ತಳಶಿಬಿರದ ಮೇಲಿನ ಶಿಬಿರಗಳಲ್ಲಂತೂ ಯಾವ ವ್ಯವಸ್ಥೆಯೂ ಇರಲಿಲ್ಲ. ಒಂದನೆಯ ಶಿಬಿರದಿಂದ ನಾಲ್ಕನೆಯದರವರೆಗೆ ಸುಮಾರು 3 ಟನ್ನುಗಳಷ್ಟು ಮಲ ಬಿದ್ದಿದೆಯೆಂದೂ, ಅದರಲ್ಲಿ ಅರ್ಧದಷ್ಟು 7,900 ಮೀಟರುಗಳ ಎತ್ತರದ ಸೌತ್ ಕೋಲ್‌ನಲ್ಲಿಯೇ ಇದೆಯೆಂದೂ ಆ ಸಮಿತಿ 2024ರಲ್ಲಿ ಅಂದಾಜು ಮಾಡಿತು. ಸೌತ್ ಕೋಲ್‌ನಲ್ಲಿ ಗಾಳಿ ಹೊಸ ಹಿಮವನ್ನು ಹಾರಿಸಿಬಿಡುವುದರಿಂದ ಬಿದ್ದುದೆಲ್ಲ ಬಯಲಾಗಿಯೇ ಇರುತ್ತದೆ. ಅದೇ ವರ್ಷ ಅಲ್ಲಿನ ಖುಂಬು ಪಾಸಾಂಗ್ ಲ್ಹಾಮು ಗ್ರಾಮ ಪಾಲಿಕೆಯು, ಮಲವನ್ನು ಗಟ್ಟಿಗೊಳಿಸಿ ವಾಸನೆಯನ್ನು ತಗ್ಗಿಸುವ ರಾಸಾಯನಿಕವಿರುವ ಚೀಲಗಳನ್ನು ಪ್ರತಿಯೊಬ್ಬ ಆರೋಹಿಯೂ ಕೊಂಡು, ಬಳಸಿ, ಹಿಂದಕ್ಕೆ ತರಬೇಕೆಂದು ವಿಧಿಸಿತು. ಮೊದಲ ಆರೋಹಣವಾಗಿ ಎಪ್ಪತ್ತು ವರ್ಷಗಳ ತರುವಾಯ ಬಂದ ನಿಯಮವಿದು.

ಈಗ ಹಿಂದೆ ಹೇಳಿದ ನೀರಿನ ಮಾತನ್ನು ವಾಚಕರು ಸ್ಮರಿಸಬೇಕು. ನೂರಾರು ಜನ ತಂಗುವ ಇಕ್ಕಟ್ಟಾದ ಜಾಗ. ಯಾರ ಮಲ ಎಲ್ಲಿ ಹೂತಿದೆಯೋ ತಿಳಿಯದು. ಅದರ ಪಕ್ಕದ ಹಿಮವನ್ನೇ ಪಾತ್ರೆಗೆ ತುಂಬಿ, ಅರ್ಧ ಬೆಚ್ಚಗಾದೊಡನೆ ಕುಡಿಯಬೇಕು. ಹೀಗೆ ಭೇದಿ ಹತ್ತಿದ ಆರೋಹಿಯ ಶರೀರದಲ್ಲಿ, ಉಸಿರಿನಿಂದ ಮೊದಲೇ ಕಡಮೆಯಾಗಿದ್ದ ನೀರು ಮತ್ತಷ್ಟು ಕಡಮೆಯಾಗುತ್ತದೆ. ಕೆಳಗಿನ ಊರಿನಲ್ಲಾದರೆ ಎರಡು ದಿನಗಳ ತೊಂದರೆ. ಅಲ್ಲಿ ಅದು ಬೆರಳುಗಳನ್ನು, ಕೆಲವೊಮ್ಮೆ ಪ್ರಾಣವನ್ನೇ, ಕಳೆಯಬಹುದು. ಬಿಡಾರವೂ ಶೌಚವೂ ಒಂದೇ ಸಮಸ್ಯೆಯೆಂದು ನಾವು ಹೇಳಿದುದು ಇದಕ್ಕಾಗಿಯೇ.

ಇನ್ನೊಂದು ಅಪಾಯವಿದೆ. 1996ರ ಮೇ ತಿಂಗಳಿನಲ್ಲಿ, ಲ್ಹೋತ್ಸೆಯ ಹಿಮಗೋಡೆಯ ಮೇಲಿನ ಮೂರನೆಯ ಶಿಬಿರದಲ್ಲಿ ತಂಗಿದ್ದ ತೈವಾನ್ ತಂಡದ ಆರೋಹಿಯೊಬ್ಬರು ಮುಂಜಾನೆ ಬಹಿರ್ದೆಸೆಗೆಂದು ಡೇರೆಯಿಂದ ಹೊರಬಂದರು. ಕಾಲಲ್ಲಿದ್ದುದು ಪಾದರಕ್ಷೆಯ ಒಳಪದರ ಮಾತ್ರ. ಹಿಮವನ್ನು ಕಚ್ಚಿ ಹಿಡಿಯುವ ಮುಳ್ಳುಗಳನ್ನು ಕಟ್ಟಿಕೊಂಡಿರಲಿಲ್ಲ. ಅವರು ಜಾರಿ ಬಿದ್ದು, ಅದೇ ದಿನ ತೀರಿಕೊಂಡರು. ಡೇರೆಯ ಮೊಗಸಾಲೆಯಲ್ಲಿಯೇ ಚೀಲವನ್ನು ಬಳಸುವ ಅನುಕೂಲವೂ ಮರೆಯೂ ಇದ್ದರೆ ಇಂಥ ಹೆಜ್ಜೆಯನ್ನು ಇಡಬೇಕಾಗುವುದಿಲ್ಲ. ಮರೆಯ ಅಗತ್ಯವು ಸ್ತ್ರೀಯರಿಗೆ ಇನ್ನೂ ಹೆಚ್ಚಿನದು. ಹೊರಗೆ ಹೋಗುವ ಸಂಕೋಚದಿಂದ ನೀರನ್ನೇ ಕಡಮೆ ಕುಡಿಯುವ ಅಭ್ಯಾಸವು ಮೇಲ್ಕಂಡ ಎಲ್ಲ ಅಪಾಯಗಳನ್ನೂ ಬರಮಾಡಿಕೊಳ್ಳುತ್ತದೆ. 1975ರಲ್ಲಿ ಎವರೆಸ್ಟನ್ನು ಏರಿದ ಪ್ರಥಮ ಮಹಿಳೆ, ಜಪಾನಿನ ಜುಂಕೊ ತಬೇಯಿ ಅವರು, ತಮ್ಮ ಅರವತ್ತನೆಯ ವಯಸ್ಸಿನ ಸುಮಾರಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಮರಳಿ, ಆರೋಹಿಗಳು ಬಿಟ್ಟುಹೋಗುವ ಕಲ್ಮಷದಿಂದ ಆ ಪರ್ವತಕ್ಕಾಗುವ ಹಾನಿಯನ್ನೇ ಅಧ್ಯಯನದ ವಿಷಯವನ್ನಾಗಿ ಆರಿಸಿಕೊಂಡುದು ಆಕಸ್ಮಿಕವಲ್ಲ.

ಇದೆಲ್ಲ ದೂರದ ಮಾತೆಂದು ನಮ್ಮ ನಾಡಿನವರು ಭಾವಿಸಬೇಕಾಗಿಲ್ಲ. 1984ರಿಂದ ನಮ್ಮ ಸೈನಿಕರು ಸಿಯಾಚಿನ್ ಹಿಮನದಿಯ ಮೇಲೆ ವರ್ಷವಿಡೀ ಕಾವಲಿದ್ದಾರೆ. 2016ರ ಫೆಬ್ರವರಿಯಲ್ಲಿ ಅಲ್ಲಿ ಹಿಮಪಾತಕ್ಕೆ ಸಿಕ್ಕಿ, ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, ಆಮೇಲೆ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಆರೋಹಿಯು ಎತ್ತರದಲ್ಲಿ ಕೆಲವು ವಾರಗಳಿದ್ದು ಇಳಿಯುತ್ತಾನೆ. ಸೈನಿಕನು ತಿಂಗಳುಗಟ್ಟಲೆ ಇರಬೇಕು. ಸಿಯಾಚಿನ್ ಕರಗಿ ನುಬ್ರಾ ನದಿಯಾಗುತ್ತದೆ. ಅದು ಶ್ಯೋಕ್ ಸೇರಿ, ಮುಂದೆ ಸಿಂಧುವಾಗುತ್ತದೆ.

ಈ ಅಗತ್ಯದಿಂದಲೇ ನಮ್ಮ ರಕ್ಷಣಾ ಸಂಶೋಧನ ಸಂಸ್ಥೆಯ ಗ್ವಾಲಿಯರಿನ ಪ್ರಯೋಗಶಾಲೆಯು ಶೀತದಲ್ಲಿಯೂ ಕೆಲಸ ಮಾಡುವ ಬ್ಯಾಕ್ಟೀರಿಯಗಳನ್ನು ಬೆಳೆಸಿ ಜೈವಿಕ ಪಾಚಕ ತೊಟ್ಟಿಯನ್ನು ರೂಪಿಸಿತು. ಗಾಳಿಯಾಡದ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಮಲವನ್ನು ಅನಿಲವನ್ನಾಗಿಯೂ ನೀರನ್ನಾಗಿಯೂ ಒಡೆಯುತ್ತವೆ. ನಾವು ರೈಲಿನಲ್ಲಿ ಕಾಣುವ ಜೈವಿಕ ಶೌಚಾಲಯಗಳ ಮೂಲ ಇದೇ. ಹಿಮನದಿಯ ಮೇಲಿನ ಸೈನಿಕನಿಗಾಗಿ ಹುಟ್ಟಿದ ಉಪಾಯವು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಪ್ರಯಾಣಿಕನಿಗೂ ಒದಗಿಬಂದಿತು. ರೈಲುಗಳಲ್ಲಿ ಅವು ಹೇಳಿದಷ್ಟು ಚೆನ್ನಾಗಿ ಕೆಲಸ ಮಾಡುತ್ತಿಲ್ಲವೆಂಬ ತಜ್ಞರ ಆಕ್ಷೇಪಣೆಗಳೂ ಇವೆ; ಅಂಥ ತೊಟ್ಟಿಗೆ ನಿತ್ಯದ ಮೇಲ್ವಿಚಾರಣೆಯೂ, ಹಿಮಪ್ರದೇಶದಲ್ಲಿ ಹೊರಗಿನಿಂದ ಸ್ವಲ್ಪ ಶಾಖವೂ ಬೇಕು. ಆದರೂ ದಾರಿ ಸರಿಯಾದುದೇ.

ಇದಕ್ಕಿಂತ ಹಳೆಯದೂ ಸರಳವೂ ಆದ ಪಾಠವನ್ನು ಲಡಾಖಿನ ರೈತರಿಂದ ಕಲಿಯಬಹುದು. ಅವರ ಮನೆಯ ‘ಛಗ್ರಾ’ ಎಂಬ ಪಾಯಿಖಾನೆಗೆ ನೀರು ಬೇಡ. ಮೇಲಂತಸ್ತಿನ ನೆಲದಲ್ಲಿ ಒಂದು ಕಿಂಡಿ. ಕೆಳಗೆ ಒಂದು ಕೋಣೆ. ಪ್ರತಿ ಸಲವೂ ಸ್ವಲ್ಪ ಮಣ್ಣು ಇಲ್ಲವೆ ಬೂದಿಯನ್ನು ಕಿಂಡಿಯೊಳಕ್ಕೆ ಸುರಿಯುತ್ತಾರೆ. ಕಾಲಕ್ರಮದಲ್ಲಿ ಅದು ವಾಸನೆಯಿಲ್ಲದ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಚಳಿಯಿರುವ, ಮಳೆಯಿಲ್ಲದ, ನೀರು ಅಮೂಲ್ಯವಾದ ನಾಡಿಗೆ ಇದಕ್ಕಿಂತ ತಕ್ಕ ವಿನ್ಯಾಸ ಯಾವುದು?

ವಿಜ್ಞಾನದ ಮಾತು ಇಷ್ಟಾಯಿತು. ಇದರಲ್ಲಿ ನ್ಯಾಯದ ಮಾತೂ ಒಂದಿದೆ. ತಳಶಿಬಿರದ ಪೀಪಾಯಿಗಳು ತಾವಾಗಿಯೇ ಇಳಿಯುವುದಿಲ್ಲ. ಸ್ಥಳೀಯ ಕೂಲಿಯಾಳುಗಳು ಅವುಗಳನ್ನು ಬೆನ್ನಿನ ಮೇಲೆ ಹೊತ್ತು ಇಳಿಸುತ್ತಾರೆ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಬ್ಬನ ಮಲವನ್ನು ಇನ್ನೊಬ್ಬನು ಹೊರುವುದು ಮನುಷ್ಯತ್ವಕ್ಕೆ ಕುಂದೆಂಬ ಆ ತತ್ತ್ವವು ಎತ್ತರ ಹೆಚ್ಚಿದಂತೆ ಸಡಿಲವಾಗಬಾರದು. ಪರ್ವತದ ಮೇಲೆ ಜಾತಿಯ ಕಟ್ಟಳೆಯಿಲ್ಲ, ಕೂಲಿಯಿದೆ ಎಂದು ಹೇಳಬಹುದು. ಆದರೆ ಆರೋಹಿಗೆ ಗರಿಯ ಚೀಲವೂ ಬೆಚ್ಚನೆಯ ಡೇರೆಯೂ ಇರುವಾಗ, ಅವನ ಸಾಮಾನನ್ನೂ ಮಲವನ್ನೂ ಹೊತ್ತವನು ಬಂಡೆಯ ಮರೆಯಲ್ಲಿ ಕಂಬಳಿ ಹೊದ್ದು ಮಲಗಬೇಕಾದರೆ, ಆ ವ್ಯವಸ್ಥೆಯನ್ನು ಒಳ್ಳೆಯ ವಿನ್ಯಾಸವೆಂದು ಕರೆಯಲಾಗದು. ಬಿಡಾರದ ಲೆಕ್ಕದಲ್ಲಿ ಹೊರುವವನ ತಲೆಯೂ ಸೇರಬೇಕು.

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಪರ್ವತಾರೋಹಣವೆಂದರೆ ಕಷ್ಟಸಹಿಷ್ಣುತೆ, ಅನುಕೂಲಗಳು ಹೆಚ್ಚಿದರೆ ಅದರ ಸತ್ತ್ವವೇ ಹೋಗುತ್ತದೆ ಎಂಬುದು ಮೊದಲನೆಯದು. ಕಷ್ಟವು ಏರುವುದರಲ್ಲಿದೆ, ಕಲ್ಮಷದಲ್ಲಿಲ್ಲ. ಕೊಳೆಯಾದ ನೀರನ್ನು ಕುಡಿಯುವುದರಿಂದ ಯಾರ ಧೈರ್ಯವೂ ಹೆಚ್ಚಲಿಲ್ಲ. ಎರಡನೆಯದು ಇದಕ್ಕಿಂತ ಗಟ್ಟಿಯಾದುದು. ಅನುಕೂಲ ಹೆಚ್ಚಿದಷ್ಟೂ ಜನ ಹೆಚ್ಚುತ್ತಾರೆ, ಜನ ಹೆಚ್ಚಿದಷ್ಟೂ ಕಲ್ಮಷವೂ ಹೆಚ್ಚುತ್ತದೆ ಎಂಬುದು ಅದು. ಇದನ್ನು ನಾವು ಒಪ್ಪುತ್ತೇವೆ. ತಳಶಿಬಿರಗಳು ಮೆತ್ತನೆಯ ಹಾಸಿಗೆಯ ಹೋಟೆಲುಗಳಾಗುವುದು ನಮಗೂ ಬೇಡ. ಲಡಾಖಿನ ಸ್ಟೋಕ್ ಕಾಂಗ್ರಿ ಶಿಖರವನ್ನು ಜನಸಂದಣಿಯ ಕಾರಣದಿಂದಲೇ 2020ರಲ್ಲಿ ಆರೋಹಿಗಳಿಗೆ ಮುಚ್ಚಬೇಕಾಯಿತು. ಎಷ್ಟು ಜನರ ಮಲವನ್ನು ಕೆಳಗಿಳಿಸಲು ಏರ್ಪಾಡಿದೆಯೋ ಅಷ್ಟೇ ಜನರಿಗೆ ಅನುಮತಿ ಎಂಬ ನಿಯಮ ಮಾಡಿದರೆ ಈ ಆಕ್ಷೇಪಣೆಗೆ ಉತ್ತರ ದೊರೆಯುತ್ತದೆ. ಆಗ ಶೌಚವ್ಯವಸ್ಥೆಯೇ ಜನಸಂಖ್ಯೆಯ ಅಳತೆಗೋಲಾಗುವುದು.

ಮಾಡಬೇಕಾದುದನ್ನು ಎತ್ತರಕ್ಕೆ ತಕ್ಕಂತೆ ಮೂರಾಗಿ ವಿಭಾಗಿಸಬಹುದು. ಜನವಸತಿಯಿರುವ ಹಳ್ಳಿಗಳವರೆಗೆ ಛಗ್ರಾ ಮಾದರಿಯ ಒ‌ಣ ಪಾಯಿಖಾನೆಗಳೂ, ಬಿಸಿಲಿನಿಂದ ಬೆಚ್ಚಗಿಟ್ಟ ಪಾಚಕ ತೊಟ್ಟಿಗಳೂ ಇರಲಿ. ತಳಶಿಬಿರದಲ್ಲಿ ಗಾಳಿಗೆ ಮರೆಯಾದ, ಕೈ ತೊಳೆಯಲು ಬೆಚ್ಚಗಿನ ನೀರಿರುವ ಶೌಚಗೃಹಗಳು ಬೇಕು. ಮೂತ್ರವನ್ನು ಬೇರ್ಪಡಿಸಿದರೆ ಪೀಪಾಯಿಯ ತೂಕವೂ ವಾಸನೆಯೂ ಬಹಳ ಮಟ್ಟಿಗೆ ಇಳಿಯುತ್ತವೆ. ಆ ಪೀಪಾಯಿಯನ್ನು ಮನುಷ್ಯನ ಬೆನ್ನಿನಿಂದ ಯಂತ್ರಕ್ಕೋ ಪ್ರಾಣಿಗೋ ವರ್ಗಾಯಿಸುವ ಪ್ರಯತ್ನ ನಡೆಯಲಿ. ಅದಕ್ಕೂ ಮೇಲೆ ಯಾವ ಕಟ್ಟಡವೂ ಬೇಡ. ಅಲ್ಲಿ ಚೀಲವೊಂದೇ ಸಾಧನ. ಅದನ್ನು ಬಳಸಲು ಡೇರೆಯ ಮೊಗಸಾಲೆಯಲ್ಲಿ ಸ್ಥಳವಿರುವಂತೆ ಡೇರೆಯನ್ನು ಹೊಲಿಯಬೇಕು, ದಪ್ಪ ಕೈಚೀಲ ತೊಟ್ಟ ಕೈಯಿಂದಲೂ ಬಾಯಿ ಕಟ್ಟುವಂತೆ ಚೀಲವನ್ನು ಮಾಡಬೇಕು. ಹೊರೆಯ ನೆಪ ಹೇಳಲಾಗದು. ಮನುಷ್ಯನ ಮಲ ದಿನಕ್ಕೆ ಸರಾಸರಿ 150ರಿಂದ 200 ಗ್ರಾಂ. ಮೇಲಿನ ಶಿಬಿರಗಳಲ್ಲಿ ಹತ್ತು ದಿನ ಕಳೆದವನ ಒಟ್ಟು ಹೊರೆ 2 ಕಿಲೋಗ್ರಾಂ ಮೀರದು. ಅದು ತುಂಬಿದ ಒಂದು ಆಮ್ಲಜನಕದ ಸಿಲಿಂಡರಿಗಿಂತ ಕಡಮೆ.

1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು, ಎತ್ತರದಲ್ಲಿ ಹಸಿವೆ ಸತ್ತ ಮನುಷ್ಯನಿಗೆ ಏನನ್ನು ಉಣಿಸಬೇಕೆಂಬ ಪ್ರಶ್ನೆಗೆ ದಶಕಗಳಿಂದ ಉತ್ತರಗಳನ್ನು ಕಂಡುಹಿಡಿಯುತ್ತಿದೆ. ಉಣಿಸುವುದನ್ನು ವಿಜ್ಞಾನವೆಂದು ಗೌರವಿಸಿದ ನಾವು, ಉಂಡದ್ದರ ಗತಿಯನ್ನು ಯೋಚಿಸುವುದನ್ನು ಹಾಸ್ಯದ ವಿಷಯವೆಂದೇಕೆ ತಿಳಿಯಬೇಕು? ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ತರುಣರು ಕೈಗೆತ್ತಿಕೊಳ್ಳಲು ಇದಕ್ಕಿಂತ ಸ್ವಾರಸ್ಯವಾದ ಸಮಸ್ಯೆಗಳು ಹೆಚ್ಚಿಲ್ಲ. ಎರಡು ಕಿಲೋಗ್ರಾಮಿನ ಡೇರೆಯಲ್ಲಿ ಮರೆಯೊಂದನ್ನು ಕಲ್ಪಿಸುವುದು, ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಕ್ಟೀರಿಯಗಳನ್ನು ಬಿಸಿಲಿನಿಂದಲೇ ಜೀವಂತವಾಗಿಡುವುದು, ಹೊರುವವನ ಬೆನ್ನಿನ ಭಾರವನ್ನು ಇಳಿಸುವುದು: ಇವು ರಾಕೆಟ್ಟನ್ನು ಹಾರಿಸಿದ ದೇಶದ ಬುದ್ಧಿಗೆ ನಿಲುಕದವುಗಳಲ್ಲ.

ಶೇರ್ಪಾ ಜನರು ಎವರೆಸ್ಟನ್ನು ಚೋಮೊಲುಂಗ್ಮಾ ಎಂದು ಕರೆದು ಪೂಜಿಸುತ್ತಾರೆ. ಏರುವ ಮೊದಲು ಕಲ್ಲಿನ ವೇದಿಕೆಯ ಮುಂದೆ ಧೂಪ ಹಾಕಿ ಕ್ಷಮೆ ಬೇಡುತ್ತಾರೆ. ದೇವಸ್ಥಾನಕ್ಕೆ ಹೋದವನು ಪಾದರಕ್ಷೆಯನ್ನು ಹೊರಗೆ ಬಿಡುವುದನ್ನು ನಾವು ಬಲ್ಲೆವು. ಆ ಗುಡಿಯಿಂದ ಇಳಿಯುವವನು ತನ್ನದೆಂಬುದನ್ನೆಲ್ಲ ತನ್ನೊಡನೆಯೇ ತೆಗೆದುಕೊಂಡು ಇಳಿಯುವುದನ್ನು ಕಲಿತ ದಿನ ನಮ್ಮ ಪರ್ವತಾರೋಹಣವು ಪ್ರೌಢವಾಯಿತೆಂದು ಹೇಳಬಹುದು.